ನೀರು ಹೋಗೋ ಮಾತ್ರೆ ಮತ್ತು ಡಾಕ್ಟರ ಪ್ರಶ್ನೆಗಳು

ಚೆಟ್ಟಳ್ಳಿಯಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಕ್ಷಮಿಸಿ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಇವತ್ತು ಒಂದು ಮಾತ್ರೆಯ ಇತಿಹಾಸ ಹೇಳ್ತೀನಿ.

ಕಳೆದ ಕಕ್ಕಡದಲ್ಲಿ ನಮ್ಮಜ್ಜಿಗೆ ಕಾಲು ಊದಿತ್ತು. ‘ನೀರು ಹೋಗೋ ಮಾತ್ರೆ’ ಬರೆಯೋ ಮೊದಲು ಡಾಕ್ಟರು ಸಾಲು ಸಾಲು ಪ್ರಶ್ನೆ ಕೇಳಿದ್ರು. ಸಲ್ಫಾ ಔಷಧಿ ಆಗಿಬರಲ್ವಾ? ಕಿಡ್ನಿ ತೊಂದರೆ, ಶುಗರ್, ಗೌಟ್ ಇದೆಯಾ? ಬೇರೇನು ಮಾತ್ರೆ ತಗೊಳ್ತೀರಿ? ಅಜ್ಜಿ ಎಲ್ಲದಕ್ಕೂ ‘ಏನಿಲ್ಲ’ ಅಂದ್ರು. ಮಂಡಿನೋವಿಗೆ ಅವರು ಮೆಡಿಕಲ್ ಶಾಪಿನ ಮಾತ್ರೆ ನುಂಗೋದು ನನಗೆ ಗೊತ್ತಿತ್ತು. ನಾನೂ ಸುಮ್ಮನಿದ್ದೆ.

ಎರಡನೇ ವಾರ ವಾಂತಿ ಭೇದಿ ಶುರುವಾಯ್ತು. ಡಾಕ್ಟರನ್ನ ಕೇಳದೆ ಮಾತ್ರೆ ಮುಂದುವರಿಸಿದ್ವಿ. ಒಂದು ಬೆಳಿಗ್ಗೆ ಎದ್ದವರೇ ತಲೆ ತಿರುಗಿ ಬಿದ್ರು. ಪುಣ್ಯಕ್ಕೆ ಹುಷಾರಾದ್ರು. ಆಮೇಲೆ ನಾನು ಆ ಪ್ರಶ್ನೆಗಳ ಮೂಲ ಹುಡುಕಿದೆ.

1919ರಲ್ಲಿ ವಿಯೆನ್ನಾದಲ್ಲಿ ಆಲ್‌ಫ್ರೆಡ್ ವೋಗ್ಲ್ ಎಂಬ ವೈದ್ಯ ವಿದ್ಯಾರ್ಥಿ ಸಿಫಿಲಿಸ್ ರೋಗಿಗೆ ಪಾದರಸದ ಇಂಜೆಕ್ಷನ್ ಕೊಟ್ಟ. ರೋಗಿಯ ಮೂತ್ರದ ಪ್ರಮಾಣ ವಿಪರೀತ ಏರಿತು. ಮುಂದೆ ಕೆಲವು ದಶಕ ಮೈಯ ನೀರು ಇಳಿಸೋಕೆ ಪಾದರಸವೇ ಮದ್ದು. ಆದರೆ ಅದು ಕಿಡ್ನಿಗೇ ವಿಷ.

ಬಿಡುಗಡೆ ಸಿಕ್ಕಿದ್ದು ಸಲ್ಫಾದಿಂದ. 1949ರಲ್ಲಿ ಬೋಸ್ಟನ್‌ನ ವಿಲಿಯಂ ಶ್ವಾರ್ಟ್ಸ್, ಹೃದಯ ಸೋತವರಿಗೆ ಸಲ್ಫಾನಿಲಮೈಡ್ ಕೊಟ್ಟಾಗ ಉಪ್ಪು, ನೀರು ಹೊರಹೋಗೋದನ್ನ ತೋರಿಸಿದರು. ಅದೇ ರಸಾಯನದ ಜಾಡಿನಲ್ಲಿ 1958ರಲ್ಲಿ ಕ್ಲೋರೋಥಯಜೈಡ್ ಮಾರುಕಟ್ಟೆಗೆ ಬಂತು. 1960ರ ದಶಕದಲ್ಲಿ ಫ್ಯೂರೋಸಮೈಡ್, ಅಂದ್ರೆ ಲ್ಯಾಸಿಕ್ಸ್. ಸಲ್ಫಾ ಪ್ರಶ್ನೆಯ ಬೇರು ಇಲ್ಲಿದೆ. ಅಲರ್ಜಿ ಇದ್ರೂ ಕೆಲವರಿಗೆ ಈ ಮಾತ್ರೆ ನಡೆಯುತ್ತೆ, ಆದ್ರೆ ತೀರ್ಮಾನ ಡಾಕ್ಟರದ್ದು.

ಉಪ್ಪಿನ ಜೊತೆ ಪೊಟ್ಯಾಸಿಯಮ್ ಕೂಡ ಖರ್ಚಾಗುತ್ತೆ. ಅದು ತೀರಾ ಇಳಿದ್ರೆ ಹೃದಯದ ಬಡಿತವೇ ತಪ್ಪಬಹುದು. ರಕ್ತಪರೀಕ್ಷೆ ಮಾಡಿಸೋದು ಅದಕ್ಕೇ. ಸ್ಪೈರೋನೊಲ್ಯಾಕ್ಟೋನ್ ಮಾತ್ರ ಉಲ್ಟಾ, ಪೊಟ್ಯಾಸಿಯಮ್ ಉಳಿಸುತ್ತೆ. ಹಾಗಾಗಿ ‘ಎಳನೀರು ಕುಡೀರಿ’ ಅನ್ನೋ ಸಲಹೆ ಎಲ್ಲರಿಗೂ ಹೊಂದಲ್ಲ. ಯೂರಿಕ್ ಆಮ್ಲ ಏರಬಹುದು, ಅದಕ್ಕೆ ಗೌಟ್ ಪ್ರಶ್ನೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಜೊತೆಯಾದ್ರೆ ಕಿಡ್ನಿಗೆ ಹೊರೆ. ವಾಂತಿ ಭೇದಿಯಲ್ಲಿ ಮೈ ಮೊದಲೇ ಒಣಗಿರುತ್ತೆ. ಆ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನೀವೇ ನಿಲ್ಲಿಸಬೇಡಿ, ಕಣ್ಣುಮುಚ್ಚಿ ಮುಂದುವರಿಸಲೂ ಬೇಡಿ.

ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು, ಮರುದಿನ ಮೂತ್ರದ ಬಣ್ಣ ನೋಡಿ ‘ಮದ್ದು ಮೈಗೆ ಹತ್ತಿತು’ ಅನ್ನೋ ಊರು ನಮ್ಮದು. ಮಾತ್ರೆ ವಿಷಯದಲ್ಲಿ ಎಲ್ಲವೂ ಹಾಗೆ ಕಣ್ಣಿಗೆ ಕಾಣಲ್ಲ. ಕಷಾಯ, ಸೊಪ್ಪು, ಮೆಡಿಕಲ್ ಶಾಪಿನ ಮಾತ್ರೆ, ಎಲ್ಲವನ್ನೂ ಬರೆದುಕೊಂಡು ಹೋಗಿ.

ಅಜ್ಜಿ ಈಗ ಬೆಳಿಗ್ಗೆಯೇ ಮಾತ್ರೆ ತಗೊಳ್ತಾರೆ, ರಾತ್ರಿ ನಿದ್ದೆ ಕೆಡಲ್ಲ. ಹಾಸಿಗೆಯಿಂದ ನಿಧಾನಕ್ಕೆ ಏಳ್ತಾರೆ. ಚೀಟಿ ನನ್ನ ಫೋನಲ್ಲಿದೆ. ಮುಂದಿನ ಸಲ ಡಾಕ್ಟರು ಕೇಳಿದಾಗ ‘ಏನಿಲ್ಲ’ ಅನ್ನೋಕೆ ನಾನು ಬಿಡಲ್ಲ.