ಗೇಮ್‌ನಲ್ಲಿ ಬೆಲೆ ಇಳಿಸಿದರೆ ಹಳಬರಿಗೆ ಮೋಸವೇ? ಉಚಿತ ಜೆಮ್ಸ್ ಸಂದೇಶ ನಿಜವೇ?

ಆನ್‌ಲೈನ್ ಗೇಮ್‌ಗಳಲ್ಲಿ ದೊಡ್ಡ ಅಪ್‌ಡೇಟ್ ಬಂದಾಗ ಎರಡು ಬಗೆಯ ಸಂದೇಶಗಳು ನಿಮಗೂ ಬಂದಿರಬಹುದು. ಒಂದು: ‘ಹೊಸಬರಿಗೆ ಎಲ್ಲ ಅಗ್ಗ ಮಾಡಿ ಹಳಬರಿಗೆ ಟೋಪಿ ಹಾಕಿದ್ದಾರೆ’. ಇನ್ನೊಂದು: ‘ಕಂಪನಿ ಎಲ್ಲರಿಗೂ ಉಚಿತ ಜೆಮ್ಸ್ ಕೊಡುತ್ತಿದೆ, ಈ ಲಿಂಕ್ ಒತ್ತಿ’. ಮೊದಲನೆಯದು ಅರ್ಧ ಸತ್ಯ. ಎರಡನೆಯದು ವಂಚನೆ.

ಬೆಲೆ ಇಳಿಸುವುದು ಏಕೆ?

‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ ಗೇಮನ್ನೇ ನೋಡಿ. ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ ಇದನ್ನು 2012ರಲ್ಲಿ ಬಿಡುಗಡೆ ಮಾಡಿತು. ಆಮೇಲೆ ಮೇಲೆ ಮೇಲೆ ಹೊಸ ಟೌನ್ ಹಾಲ್‌ಗಳು ಸೇರುತ್ತಾ ಹೋದವು. 16ನೆಯದು 2023ರ ಡಿಸೆಂಬರ್‌ನಲ್ಲಿ, 17ನೆಯದು 2024ರ ನವೆಂಬರ್‌ನಲ್ಲಿ ಬಂತು. ಇಂದು ಆಟ ಶುರು ಮಾಡುವವರು ಈ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಹತ್ತಬೇಕು. ಹಳೆಯ ಖರ್ಚು, ಹಳೆಯ ಕಾಯುವ ಸಮಯವೇ ಉಳಿದರೆ ಅವರು ಗೆಳೆಯರನ್ನು ಹಿಡಿಯುವುದೇ ಇಲ್ಲ. ಅದಕ್ಕೇ ಕೆಳಗಿನ ಹಂತಗಳ ಖರ್ಚು, ಸಮಯ ಎರಡನ್ನೂ ಆಗಾಗ ಇಳಿಸಲಾಗುತ್ತದೆ. ಸೈನಿಕರ ತರಬೇತಿಯ ವೆಚ್ಚವನ್ನು 2022ರಲ್ಲಿ, ತರಬೇತಿಗೆ ಕಾಯುವ ಸಮಯವನ್ನು 2025ರಲ್ಲಿ ಪೂರ್ತಿ ತೆಗೆದುಹಾಕಲಾಯಿತು.

ಹೊಸಬರಿಗೆ ಚಿನ್ನ ಹಂಚಿದರೆ ಸಾಲದೇ?

ಗೇಮ್‌ನ ಆರ್ಥಿಕತೆ ಕೆರೆಯಂತೆ. ಗೆಲುವು, ಗಣಿ, ಲೂಟಿಯಿಂದ ನಾಣ್ಯ ಒಳಗೆ ಹರಿಯುತ್ತದೆ. ಅಪ್‌ಗ್ರೇಡ್, ರಿಪೇರಿಯ ತೂಬಿನಿಂದ ಹೊರಗೆ ಹೋಗುತ್ತದೆ. ಆಟಗಾರರು ಪರಸ್ಪರ ಮಾರುವ–ಕೊಳ್ಳುವ ಗೇಮ್‌ಗಳಲ್ಲಿ ಸುಮ್ಮನೆ ನಾಣ್ಯ ಸುರಿದರೆ ಎಲ್ಲದರ ಬೆಲೆಯೂ ಏರುತ್ತದೆ. ಮೊದಲ ಪೆಟ್ಟು ಬೀಳುವುದು ಕೈಯಲ್ಲಿ ಕಡಿಮೆ ಇರುವ ಹೊಸಬರಿಗೇ. ಹೀಗಾಗಿ ನಾಣ್ಯ ಹಂಚುವುದಕ್ಕಿಂತ ಮೆಟ್ಟಿಲು ತಗ್ಗಿಸುವುದು ಸುರಕ್ಷಿತ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮಾಡಿದ್ದೂ ಇದನ್ನೇ. 2004ರಲ್ಲಿ 60 ಇದ್ದ ಗರಿಷ್ಠ ಲೆವೆಲ್ 2018ರ ಹೊತ್ತಿಗೆ 120 ಆಗಿತ್ತು. 2020ರ ಅಕ್ಟೋಬರ್‌ನಲ್ಲಿ ಆ 120 ಅನ್ನು 50ಕ್ಕೆ ಇಳಿಸಿ, ಮುಂದಿನ ತಿಂಗಳು ಹೊಸ ಗರಿಷ್ಠ ಮಿತಿಯನ್ನು 60 ಮಾಡಲಾಯಿತು. ಹಳಬರ 70 ಲೆವೆಲ್ ಮಾಯವಾದಂತೆ ಕಂಡರೂ ಎದುರಾಳಿ ರಾಕ್ಷಸರ ಲೆವೆಲ್‌ ಕೂಡ ಇಳಿದಿತ್ತು.

ಹಾಗಾದರೆ ಹಳಬರಿಗೆ ನಷ್ಟವೇ ಇಲ್ಲವೇ?

ಇದೆ. ಗಳಿಸಿದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಆದರೆ ಮುಂದಿದ್ದ ಅಂತರ ಕಿರಿದಾಗುತ್ತದೆ. ಬೆಲೆ ಇಳಿಯುವ ಮುನ್ನ ನಿಜವಾದ ಹಣ ಕೊಟ್ಟು ವೇಗ ಕೊಂಡವರ ಬೇಸರ ನ್ಯಾಯವಾದದ್ದೇ. ಕಂಪನಿ ಇದನ್ನು ದಾನವಾಗಿ ಮಾಡುವುದಿಲ್ಲ ಎಂಬುದೂ ನಿಜ: ಹೊಸಬರು ಬರದಿದ್ದರೆ ವ್ಯಾಪಾರ ಬತ್ತುತ್ತದೆ. ಆದರೆ ಹೊಸಬರಿಲ್ಲದ ಗೇಮ್‌ನಲ್ಲಿ ಹಳಬರಿಗೂ ಜೊತೆಗಾರರು ಸಿಗುವುದಿಲ್ಲ.

ಉಚಿತ ಜೆಮ್ಸ್ ಲಿಂಕ್?

ಬೆಲೆ ಇಳಿದಾಗ ಅದು ಅಪ್‌ಡೇಟ್‌ನ ಜೊತೆ ತಾನಾಗಿಯೇ ಎಲ್ಲರ ಗೇಮ್‌ಗೂ ಬರುತ್ತದೆ. ಅದಕ್ಕೆ ಹತ್ತು ಜನರಿಗೆ ಫಾರ್ವರ್ಡ್ ಮಾಡಬೇಕಿಲ್ಲ, ಒಟಿಪಿ ಕೊಡಬೇಕಿಲ್ಲ. ನಿಮ್ಮ ಜೆಮ್ಸ್ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ. ಹೊರಗಿನ ‘ಜನರೇಟರ್’ ಅದನ್ನು ಹೆಚ್ಚಿಸಲಾರದು. ಅಂಥ ಪುಟಗಳು ಬಯಸುವುದು ನಿಮ್ಮ ಪಾಸ್‌ವರ್ಡ್ ಅಥವಾ ಹಣವನ್ನು. ಫೋನ್ ಮಕ್ಕಳ ಕೈಯಲ್ಲಿದ್ದರೆ ಈ ಮಾತನ್ನು ಅವರಿಗೂ ತಿಳಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಬೆಲೆ ಇಳಿಕೆ ನಿಜ, ‘ಹಳಬರಿಗೆ ಮೋಸ’ ಉತ್ಪ್ರೇಕ್ಷೆ, ಉಚಿತ ಜೆಮ್ಸ್ ಲಿಂಕ್ ಸುಳ್ಳು. ಅದನ್ನು ಯಾರಿಗೂ ಕಳಿಸಬೇಡಿ.