ಹಡಗಿನ ಗೋಧಿ, ಖಾತೆಯ ರೂಪಾಯಿ

1983ರಲ್ಲಿ ಬ್ಯಾಂಕಿನವರು ನನ್ನನ್ನು ಮುಂಬಯಿಗೆ ವರ್ಗ ಮಾಡಿದಾಗ ಮೊದಲ ಎಂಟು ತಿಂಗಳು ವಡಾಲಾದಲ್ಲಿದ್ದ ಸೋದರಮಾವನ ಮನೆಯಲ್ಲಿದ್ದೆ. ಗದಗಿನ ಕಡೆಯಿಂದ ಐವತ್ತರ ದಶಕದಲ್ಲೇ ಮುಂಬಯಿ ಸೇರಿದವರು ಅವರು. ಬಂದರಿನಲ್ಲಿ ಹಡಗಿನಿಂದ ಇಳಿಯುವ ಚೀಲಗಳನ್ನು ಎಣಿಸಿ ಬರೆದುಕೊಳ್ಳುವ ಗುಮಾಸ್ತರಾಗಿದ್ದರು. ಒಂದು ರವಿವಾರ ಅತ್ತೆ ಜೋಳದ ರೊಟ್ಟಿಯ ಬದಲು ಚಪಾತಿ ಮಾಡಿದ್ದಕ್ಕೆ ನಾನು ಮಾರಿ ಸಣ್ಣದು ಮಾಡಿದೆ. ಮಾಮಾ ನಕ್ಕುಬಿಟ್ಟರು. "ತಮ್ಮಾ, ಅರವತ್ತಾರನೇ ಇಸವಿಯೊಳಗ ನೀ ಈ ಊರಾಗ ಇರಬೇಕಿತ್ತು. ಹಡಗ ಬಂದ್ರ ಊಟ ಬಂತು. ಒಂದ್ ಹಡಗ ತಡಾ ಆತಂದ್ರ ರೇಶನ್ ಅಂಗಡಿ ಮುಂದ ಪಾಳಿ ಇಮ್ಮಡಿ ಆಗತಿತ್ತು" ಅಂದರು.

ಆ ಹಡಗಿನಲ್ಲಿ ಬರುತ್ತಿದ್ದದ್ದು ಅಮೆರಿಕದ ಗೋಧಿ. ಅದರ ರುಚಿ ನನಗೂ ಗೊತ್ತಿತ್ತು. ಊರಿನ ಕನ್ನಡ ಶಾಲೆಯಲ್ಲಿ ಮಧ್ಯಾಹ್ನ ನಮಗೆ ಕೊಡುತ್ತಿದ್ದ ಉಪ್ಪಿಟ್ಟು, ಪುಡಿ ಕದಡಿ ಮಾಡಿದ ಹಾಲು ಬಂದದ್ದೂ ಅಲ್ಲಿಂದಲೇ. ನನ್ನ ವಯಸ್ಸಿನ ಓದುಗರಿಗೆ ಆ ಉಪ್ಪಿಟ್ಟಿನ ವಾಸನೆ ಇನ್ನೂ ನೆನಪಿರಬೇಕು. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರವಿರುತ್ತಿತ್ತು. ಯಾರ ಕೈ, ಯಾತಕ್ಕೆ ಕುಲುಕುತ್ತಿವೆ ಎಂದು ನಾವು ಕೇಳಲಿಲ್ಲ, ಮಾಸ್ತರರೂ ಹೇಳಲಿಲ್ಲ.

ಲೆಕ್ಕ ಬರೆದೇ ಹೊಟ್ಟೆ ಹೊರೆದ ನನಗೆ ಆ ರವಿವಾರದಿಂದ ಒಂದು ಪ್ರಶ್ನೆ ಅಂಟಿಕೊಂಡಿತು. ಈ ಗೋಧಿ ದಾನವೋ, ಸಾಲವೋ, ವ್ಯಾಪಾರವೋ? ಉತ್ತರ ಬೇಕಾದರೆ ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಮರಳಿದ ಅಮೆರಿಕವನ್ನು ನೋಡಬೇಕು.

ಆ ಯುದ್ಧದಲ್ಲಿ ಅಮೆರಿಕದ ನಾಲ್ಕು ಲಕ್ಷ ಜನ ಸತ್ತರು. ಆದರೆ ಅದರ ಕಾರ್ಖಾನೆಗಳು, ಹೊಲಗಳು ಹಾಳಾಗಲಿಲ್ಲ. ಯುರೋಪು, ಜಪಾನು ಬೂದಿಯಾಗಿದ್ದಾಗ ಅಮೆರಿಕ ಮಾತ್ರ ಹಿಂದೆಂದಿಗಿಂತ ಶ್ರೀಮಂತವಾಗಿತ್ತು. ಅಲ್ಲಿನವರಿಗೆ ಇದ್ದ ಭಯವೇ ಬೇರೆ: ಕೋಟಿಗೂ ಮಿಕ್ಕಿದ ಸೈನಿಕರು ಒಮ್ಮೆಲೇ ಮನೆಗೆ ಬಂದರೆ ಕೆಲಸ ಎಲ್ಲಿ? ಮೊದಲ ಮಹಾಯುದ್ಧದ ಮಾಜಿ ಸೈನಿಕರು ತಮಗೆ ಬರಬೇಕಾದ ಹಣ ಕೇಳಿ 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದರು. ಸರಕಾರ ಸೈನ್ಯ ಕಳಿಸಿ ಅವರನ್ನು ಓಡಿಸಿತ್ತು. ಆ ನಾಚಿಕೆ ಇನ್ನೂ ಹಸಿಯಾಗಿತ್ತು.

ಅದಕ್ಕೇ ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್ 22ರಂದು ಮಾಜಿ ಸೈನಿಕರ ಕಾಯಿದೆಗೆ ಸಹಿ ಹಾಕಿದರು. 'ಜಿಐ ಬಿಲ್' ಅಂತ ಅದಕ್ಕೆ ಹೆಸರು. ಓದಲು ಹಣ, ಮನೆ ಕಟ್ಟಲು ಸರಕಾರದ ಖಾತರಿ ಇರುವ ಸಾಲ. ಸುಮಾರು 78 ಲಕ್ಷ ಜನ ಅದರಡಿ ಓದಿದರು ಇಲ್ಲವೇ ಕಸುಬು ಕಲಿತರು. ಅವರಲ್ಲಿ 22 ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದರು. ನ್ಯೂಯಾರ್ಕ್ ಹತ್ತಿರ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 1947ರಿಂದ ಲೆವಿಟ್‌ಟೌನ್ ಎಂಬ ಊರು ಎದ್ದಿತು. ಅಚ್ಚಿನಲ್ಲಿ ಒತ್ತಿದಂಥ 17,000ಕ್ಕೂ ಹೆಚ್ಚು ಮನೆಗಳು. ಕೂಲಿಯವನ ಮಗನೂ ಮನೆಯ ಒಡೆಯನಾದ. ಇತಿಹಾಸದಲ್ಲಿ ಇಷ್ಟು ಚೆನ್ನಾಗಿ ಮರಳಿ ಬಂದ ಸಾಲಗಳು ಕಡಿಮೆ ಎಂದು ಬ್ಯಾಂಕಿನವನಾಗಿ ನಾನು ಹೇಳಬಲ್ಲೆ.

ಆದರೆ ಲೆವಿಟ್‌ಟೌನಿನ ಕರಾರಿನಲ್ಲಿ ಕರಿಯರಿಗೆ ಜಾಗವಿಲ್ಲ ಎಂದೇ ಬರೆದಿತ್ತು. ಜಿಐ ಬಿಲ್‌ನಲ್ಲಿ ಮಾತ್ರ ಬಣ್ಣದ ಮಾತೇ ಇರಲಿಲ್ಲ. ಆದರೂ ಸಾಲ ಮಂಜೂರು ಮಾಡುವವನು ಊರಿನ ಬ್ಯಾಂಕಿನವನು ತಾನೆ? 1947ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಖಾತರಿ ಪಡೆದ 3,229 ಸಾಲಗಳಲ್ಲಿ ಕರಿಯರಿಗೆ ಸಿಕ್ಕಿದ್ದು ಎರಡೇ ಎರಡು. ಈ ಅಂಕಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಾಯಿದೆ ಎಷ್ಟೇ ದೊಡ್ಡದಿದ್ದರೂ ಅದು ಕೊನೆಗೆ ಬಂದು ನಿಲ್ಲುವುದು ಕೌಂಟರಿನ ಆಚೆ ಕೂತವನ ಮನಸ್ಸಿನಲ್ಲಿ.

ಮನೆಯೊಳಗಿನ ಈ ಗುಣ, ಈ ದೋಷ ಎರಡೂ ಅಮೆರಿಕದ ವಿದೇಶ ವ್ಯವಹಾರಕ್ಕೆ ಹಾಗೇ ಇಳಿದುಬಂದವು. 1947ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರೂಮನ್ ಕಮ್ಯುನಿಸಂ ತಡೆಯಲು ಗ್ರೀಸ್, ಟರ್ಕಿಗಳಿಗೆ 40 ಕೋಟಿ ಡಾಲರ್ ಕೇಳಿದರು. ಅದೇ ಜೂನ್‌ನಲ್ಲಿ ಮಂತ್ರಿ ಜಾರ್ಜ್ ಮಾರ್ಷಲ್ ಯುರೋಪಿಗೆ ನೆರವಿನ ಯೋಜನೆ ಹೇಳಿದರು. 1948ರಿಂದ ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರ್ ಹೋಯಿತು, ಬಹುಪಾಲು ಮರಳಿಸಬೇಕಿಲ್ಲದ ಹಣ. ಯುರೋಪು ಆ ಡಾಲರಿನಲ್ಲಿ ಅಮೆರಿಕದ್ದೇ ಗೋಧಿ, ಗೊಬ್ಬರ, ಯಂತ್ರ ಕೊಂಡಿತು. ಕೊಟ್ಟವನ ಅಂಗಡಿಯಲ್ಲೇ ಖರ್ಚಾದ ದಾನ ಅನ್ನಿ. ಹಾಗಂತ ಅದು ಸುಳ್ಳು ದಾನವಲ್ಲ, ಯುರೋಪು ಎದ್ದು ನಿಂತದ್ದು ನಿಜ.

ನಮ್ಮ ದೇಶಕ್ಕೆ ಬಂದಾಗ ಕೈ ಇಷ್ಟು ಸಡಿಲ ಇರಲಿಲ್ಲ. 1951ರಲ್ಲಿ ಇಲ್ಲಿ ಆಹಾರದ ಕೊರತೆಯಾದಾಗ ಟ್ರೂಮನ್ 20 ಲಕ್ಷ ಟನ್ ಧಾನ್ಯಕ್ಕೆ ಅನುಮತಿ ಕೇಳಿದರು. ನೆಹರೂ ಕೊರಿಯಾ ಯುದ್ಧದಲ್ಲಿ ತಮ್ಮ ಪರ ನಿಲ್ಲಲಿಲ್ಲ ಎಂಬ ಸಿಟ್ಟಿಗೆ ಅಲ್ಲಿನ ಕಾಂಗ್ರೆಸ್ ಸಭೆ ತಿಂಗಳುಗಟ್ಟಲೆ ಚರ್ಚೆ ನಡೆಸಿ, ಕೊನೆಗೆ ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲವಾಗಿ ಕೊಟ್ಟಿತು.

ಈ ನಡುವೆ ಅಮೆರಿಕಕ್ಕೆ ಬೇರೊಂದು ತಲೆನೋವು ಶುರುವಾಗಿತ್ತು. ರೈತರಿಗೆ ಬೆಂಬಲ ಬೆಲೆ ಕೊಟ್ಟು ಸರಕಾರವೇ ಕೊಂಡ ಗೋಧಿ ಇಡಲು ಜಾಗವಿಲ್ಲ! ಯುದ್ಧಕಾಲದಲ್ಲಿ ಸಾಮಾನು ಸಾಗಿಸಿದ ಹಳೇ ಹಡಗುಗಳನ್ನು ಹಡ್ಸನ್ ನದಿಯಲ್ಲಿ ಸಾಲಾಗಿ ನಿಲ್ಲಿಸಿ 1953ರಿಂದ ಅವುಗಳ ಹೊಟ್ಟೆಯಲ್ಲಿ ಗೋಧಿ ತುಂಬಿದರು. ಮಾಮಾನಿಗೆ ಇದನ್ನು ಹೇಳಿದ್ದರೆ, ಅಲ್ಲಿ ಹಡಗೇ ಉಗ್ರಾಣ, ಇಲ್ಲಿ ಹಡಗೇ ಅಡಿಗೆಮನೆ ಎನ್ನುತ್ತಿದ್ದರೇನೋ.

1954ರ ಜುಲೈನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ 480ನೇ ಕಾನೂನು, ಅಂದರೆ ನಾವು ಬಲ್ಲ ಪಿ.ಎಲ್. 480, ಹುಟ್ಟಿದ್ದು ಈ ಉಗ್ರಾಣದ ಚಿಂತೆಯಿಂದ. ಡಾಲರ್ ಇಲ್ಲದ ದೇಶಗಳು ತಮ್ಮ ನಾಣ್ಯದಲ್ಲೇ ಹಣ ಕಟ್ಟಿ ಧಾನ್ಯ ಒಯ್ಯಬಹುದು. ಭಾರತದ ಜೊತೆ ಮೊದಲ ಒಪ್ಪಂದ ಆದದ್ದು 1956ರಲ್ಲಿ. 1960ರಲ್ಲಿ ನಮ್ಮ ಆಹಾರ ಮಂತ್ರಿ, ಮುಂಬಯಿಯ ಎಸ್.ಕೆ. ಪಾಟೀಲರು ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಗೆ ಕರಾರು ಮಾಡಿಕೊಂಡು ಬಂದರು. ಅವರಿಗೆ ಉಗ್ರಾಣ ಖಾಲಿಯಾಯಿತು, ನಮಗೆ ಹೊಟ್ಟೆ ತುಂಬಿತು. ಇಬ್ಬರಿಗೂ ಲಾಭವೇ. ಆದರೆ ಅಗ್ಗದ ಗೋಧಿ ಬರುತ್ತಿದ್ದಂತೆ ನಮ್ಮ ಸರಕಾರ ಬೇಸಾಯದ ಚಿಂತೆ ಕಡಿಮೆ ಮಾಡಿತು ಎಂಬುದನ್ನೂ ಒಪ್ಪಬೇಕು.

ಕೈ ಕುಲುಕುವ ಆ ಚಿತ್ರಕ್ಕೆ ಬಣ್ಣದ ಸಮಸ್ಯೆ ಇತ್ತೆಂದು ತಿಳಿಯಲು ಒಂದೇ ಪ್ರಸಂಗ ಸಾಕು. 1955ರ ಆಗಸ್ಟ್‌ನಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನು ಹ್ಯೂಸ್ಟನ್ ವಿಮಾನ ನಿಲ್ದಾಣದ ಊಟದ ಮನೆಯಲ್ಲಿ ಬಿಳಿಯರಿಂದ ಬೇರೆ ಕೂರಿಸಿದರು. ವಿದೇಶಾಂಗ ಮಂತ್ರಿ ಡಲ್ಲೆಸ್ ವಿಷಾದ ಹೇಳಬೇಕಾಯಿತು. ಮಾಸ್ಕೋ ಇಂಥದ್ದಕ್ಕೇ ಕಾದು ಕೂತಿರುತ್ತಿತ್ತು. 1957ರಲ್ಲಿ ಲಿಟಲ್ ರಾಕ್ ಶಾಲೆಗೆ ಒಂಬತ್ತು ಕರಿಯ ಮಕ್ಕಳನ್ನು ಸೇರಿಸಲು ಸೈನ್ಯ ಕಳಿಸಿದ ಐಸೆನ್‌ಹೋವರ್, ಜಗತ್ತಿನೆದುರು ದೇಶದ ಮಾನ ಹೋಗುತ್ತಿದೆ ಎಂಬುದನ್ನೂ ತಮ್ಮ ಭಾಷಣದಲ್ಲಿ ಹೇಳಿದರು. 1964ರ ನಾಗರಿಕ ಹಕ್ಕು ಕಾಯಿದೆ ಬಂದದ್ದು ಮುಖ್ಯವಾಗಿ ಕರಿಯರ ಹೋರಾಟದಿಂದ. ಆದರೆ ಹೊರಗಿನವರು ನೋಡುತ್ತಿದ್ದಾರೆ ಎಂಬ ಮುಜುಗರವೂ ಅದರಲ್ಲಿ ಕೆಲಸ ಮಾಡಿತ್ತು.

ಇನ್ನು ಮಾಮಾ ಹೇಳಿದ ಕಾಲ. 1965, 1966 ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದರು. ಅಧ್ಯಕ್ಷ ಜಾನ್ಸನ್ ದೀರ್ಘಾವಧಿ ಒಪ್ಪಂದ ನಿಲ್ಲಿಸಿ, ಒಂದೆರಡು ತಿಂಗಳಿಗೆ ಆಗುವಷ್ಟು ಗೋಧಿಯನ್ನು ಮಾತ್ರ ಬಿಡುಗಡೆ ಮಾಡತೊಡಗಿದರು. ಕಡತವನ್ನು ತಾವೇ ಇಟ್ಟುಕೊಂಡು ಕೂತರು. ಬೇಸಾಯಕ್ಕೆ ಹಣ ಹಾಕಿ, ಗೊಬ್ಬರದ ಉದ್ಯಮ ಬಿಡಿಸಿ ಎಂಬುದು ಅವರ ಷರತ್ತು. ಅದರ ಜೊತೆಗೆ ವಿಯೆಟ್ನಾಂ ಬಗ್ಗೆ ದಿಲ್ಲಿ ಆಡಿದ ಮಾತಿನ ಸಿಟ್ಟೂ ಸೇರಿತ್ತು. 1966ರ ಜೂನ್ 6ರಂದು ರೂಪಾಯಿ ಬೆಲೆ ಡಾಲರಿಗೆ 4.76ರಿಂದ 7.50ಕ್ಕೆ ಇಳಿಯಿತು. ಅದರ ಹಿಂದೆಯೂ ನೆರವು ಕೊಡುವವರ ಒತ್ತಡವಿತ್ತು. ನ್ಯಾಯವಾಗಿ ಇದನ್ನೂ ಹೇಳಬೇಕು: ಆ ವರ್ಷ ಭಾರತಕ್ಕೆ ಹೊರಗಿನಿಂದ ಬಂದ ಧಾನ್ಯ ಕೋಟಿ ಟನ್ ದಾಟಿತು, ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೇ ಒಂದು ಪಾಲು ಇಲ್ಲಿಗೇ ಬಂತು. ಅಷ್ಟು ಕೊಟ್ಟೂ ಕೃತಜ್ಞತೆ ಗಳಿಸಲಿಲ್ಲ.

ಯಾಕೆ ಎಂಬುದು ನನಗೆ ಅರ್ಥವಾದದ್ದು ಪುಣೆಯಲ್ಲಿ. ತೊಂಬತ್ತರ ದಶಕದಲ್ಲಿ ಅಲ್ಲಿನ ಶಾಖೆಯಲ್ಲಿದ್ದಾಗ ಬೆಳಗಾವಿ ಕಡೆಯ ಒಬ್ಬರು ಲೇತ್ ಯಂತ್ರಗಳ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಒಂದು ವರ್ಷ ಅವರ ವ್ಯವಹಾರ ಕುಂಟಿತು. ಶಿಸ್ತು ಕಲಿಸುತ್ತೇನೆಂದು ನಾನು ಅವರ ಓವರ್‌ಡ್ರಾಫ್ಟನ್ನು ಒಂದೊಂದೇ ತಿಂಗಳು ಮುಂದುವರಿಸಿದೆ. ಪ್ರತಿ ತಿಂಗಳ ಕೊನೆಗೆ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ವರ್ಷದೊಳಗೆ ಕಾರ್ಖಾನೆ ಸುಧಾರಿಸಿತು, ಬಡ್ಡಿ ಸಮೇತ ಪೂರ್ತಿ ತೀರಿಸಿದರು. ಪೇಢೆ ಕೊಟ್ಟು, ಖಾತೆ ಮುಚ್ಚಿ ಹೋಗುವಾಗ ಒಂದೇ ಮಾತು: "ಸಾಹೇಬ್ರ, ರೊಕ್ಕಾ ಕೊಟ್ರಿ, ನಿದ್ದಿ ಕಸಗೊಂಡ್ರಿ." ನನ್ನ ಲೆಕ್ಕ ಸರಿಯಾಗಿತ್ತು. ಗಿರಾಕಿ ಮಾತ್ರ ಮತ್ತೆ ಬರಲಿಲ್ಲ.

ಭಾರತವೂ ಹಾಗೇ ಮಾಡಿತು. ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ 1966ರಲ್ಲಿ 18,000 ಟನ್ ಮೆಕ್ಸಿಕೋ ಬಿತ್ತನೆ ಗೋಧಿ ತರಿಸಿದರು. ಆ ತಳಿ ಬೆಳೆಸಿದ ನಾರ್ಮನ್ ಬೋರ್ಲಾಗ್ ಅಮೆರಿಕದವರೇ. 1968ರಲ್ಲಿ ಗೋಧಿ ಬೆಳೆ 1.65 ಕೋಟಿ ಟನ್ ಮುಟ್ಟಿತು. ಮತ್ತೆ ಆ ಪಾಳಿಯಲ್ಲಿ ನಿಲ್ಲಬಾರದು ಎಂಬ ಹಟವೂ ಆ ಬೆಳೆಗೆ ಗೊಬ್ಬರವಾಗಿತ್ತು.

ಉಳಿದದ್ದು ನಾವು ಕಟ್ಟಿದ ರೂಪಾಯಿ. ಅದು ಡಾಲರ್ ಆಗುವಂತಿರಲಿಲ್ಲ, ಹಾಗಾಗಿ ಅಮೆರಿಕದ ಹೆಸರಿನಲ್ಲಿ ಇಲ್ಲೇ ಬೆಳೆಯುತ್ತಾ ಹೋಯಿತು. ಅದರಲ್ಲೊಂದು ಸಣ್ಣ ಭಾಗದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡ ಪುಸ್ತಕಗಳೂ ಹೋದವು. ನಾವು ಉಪ್ಪಿಟ್ಟು ತಿಂದದ್ದಕ್ಕೆ ಪ್ರತಿಯಾಗಿ ನಮ್ಮ ಕಥೆ, ಕಾದಂಬರಿಗಳು ಷಿಕಾಗೋದ ಕಪಾಟು ಸೇರಿದವು. ಬಹುಶಃ ಇಡೀ ವ್ಯವಹಾರದಲ್ಲಿ ಯಾರಿಗೂ ನೋವಾಗದ ಬಾಬತ್ತು ಇದೊಂದೇ.

1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ ನೆರವು ನಿಲ್ಲಿಸಿ, ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿತು. ಸಂಬಂಧ ತಳ ಮುಟ್ಟಿತು. ಆಮೇಲೆ 1974ರ ಫೆಬ್ರುವರಿ 18ರಂದು ರಾಯಭಾರಿ ಮೊಯ್ನಿಹಾನ್ ದಿಲ್ಲಿಯಲ್ಲಿ ನಮ್ಮ ಸರಕಾರಕ್ಕೆ ಒಂದು ಚೆಕ್ ಕೊಟ್ಟರು. 1,664 ಕೋಟಿ ರೂಪಾಯಿ! ಬಾಕಿಯ ಸುಮಾರು ಮೂರರಲ್ಲಿ ಎರಡು ಪಾಲನ್ನು ಬಿಟ್ಟುಕೊಟ್ಟು, ಉಳಿದದ್ದನ್ನು ಇಲ್ಲಿನ ತಮ್ಮ ಖರ್ಚಿಗೆ ಇಟ್ಟುಕೊಂಡರು.

ಮಾಮಾ ತೀರಿಕೊಳ್ಳುವ ಮುಂಚೆ ಒಮ್ಮೆ ಈ ಚೆಕ್ಕಿನ ಕಥೆ ಹೇಳಿದೆ. ಅವರು ಬಹಳ ಹೊತ್ತು ಕೇಳಿ, "ಭಾಳ ದೊಡ್ಡ ಮನಸ್ಸು ಅವರ್ದು. ಆದ್ರ ತಮ್ಮಾ, ಪಾಳಿ ಹಚ್ಚಿದ್ದು ನಾವಲ್ಲೇನು?" ಅಂದರು. ದಾನವೋ, ಸಾಲವೋ, ವ್ಯಾಪಾರವೋ ಎಂಬ ನನ್ನ ಪ್ರಶ್ನೆಗೆ ಮೂರೂ ಹೌದು ಎಂಬುದೇ ಉತ್ತರ. ಆದರೆ ಕೊಟ್ಟವನ ಪುಸ್ತಕದಲ್ಲಿ ಟನ್ನು, ಡಾಲರು ಇರುತ್ತವೆ. ಪಡೆದವನ ಪುಸ್ತಕದಲ್ಲಿ ಕಾದ ದಿನಗಳೂ ಇರುತ್ತವೆ. ಈ ಎರಡು ಪುಸ್ತಕಗಳು ಇವತ್ತಿಗೂ ತಾಳೆಯಾಗಿಲ್ಲ.