ಹಾಯಿ ಹೋದರೂ ಉಳಿದ ಹುಯ್ಲ್

ವೆಲ್ಶ್ ಭಾಷೆಯ ‘ಹುಯ್ಲ್’ ಕಿವಿಗೆ ಬಿದ್ದರೆ ಕನ್ನಡಿಗರಿಗೆ ನಮ್ಮ ‘ಹುಯಿಲು’ ನೆನಪಾಗುತ್ತದೆ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ನಮ್ಮ ಹಕಾರ ಹಳಗನ್ನಡದ ಪಕಾರದ ಮಗಳು: ‘ಪುಯ್ಯಲ್’ ಎಂದರೆ ಕೂಗು, ಮೊರೆ. ಅವರ ಹಕಾರ ಹುಟ್ಟಿದ್ದು ಸಕಾರದಿಂದ, ಪಾರಸಿಕರ ಬಾಯಲ್ಲಿ ಸಿಂಧು ಹಿಂದೂ ಆದಂತೆ. ಲ್ಯಾಟಿನ್ನಿನ ‘ಸೋಲ್’, ಅಂದರೆ ಸೂರ್ಯ, ವೆಲ್ಶಿನಲ್ಲಿ ‘ಹೈಲ್’. ‘ಹುಯ್ಲ್’ ಕೂಡ ಇಂಗ್ಲಿಷಿನ ‘ಸೇಲ್’, ಐರಿಷ್‌ನ ‘ಶೋಲ್’ಗಳ ಬಳಗದ್ದು. ಮೂಲಾರ್ಥ, ಹಡಗಿನ ಹಾಯಿ.

ಹಾಯಿ ಮೆಲ್ಲಗೆ ಮನಸ್ಸಿಗೂ ಬಂತು. ಹುರುಪು, ಖುಷಿ, ಮೋಜು ಎಲ್ಲವೂ ಹುಯ್ಲ್. ಬಹುವಚನದ ‘ಹುಯ್ಲ್ಯೈ’ ಎಂದರೆ ಹಾಯಿಗಳು, ಮನಃಸ್ಥಿತಿಯೂ ಹೌದು. ಸಂತೋಷದಲ್ಲಿರುವವನು ‘ಒಳ್ಳೆಯ ಹಾಯಿಗಳಲ್ಲಿ’ ಇರುತ್ತಾನೆ. ಮನಸ್ಸಿನ ಏರಿಳಿತಕ್ಕೆ ನಾವು ಅಲೆಯ ಹೆಸರಿಟ್ಟು ‘ಲಹರಿ’ ಎಂದೆವು. ಅವರು ಅದೇ ನೀರಿನ ಮೇಲೆ ಗಾಳಿ ತುಂಬಿಕೊಂಡ ಬಟ್ಟೆಯನ್ನು ನೋಡಿದರು.

ಹತ್ತೊಂಬತ್ತನೆಯ ಶತಮಾನದ ಪ್ರಾರ್ಥನಾಮಂದಿರಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಸೇರಿತು. ಉಪದೇಶ ಕಾವೇರಿದಂತೆ ಬೋಧಕನ ಮಾತು ತಾನಾಗಿ ರಾಗಕ್ಕೆ ತಿರುಗುತ್ತಿತ್ತು, ಅರ್ಧ ಮಾತು, ಅರ್ಧ ಹಾಡು. ಆ ಆವೇಶವೂ ಹುಯ್ಲ್. ಇಲ್ಲಿ ಮಾತ್ರ ಅದು ನಮ್ಮ ಹುಯಿಲಿನ ಮಗ್ಗುಲಲ್ಲೇ ಬಂದು ನಿಲ್ಲುತ್ತದೆ.

ನಿಜವಾದ ಹಾಯಿಗಳ ಕಾಲವೂ ಮುಗಿಯಿತು. ವೇಲ್ಸ್‌ನ ಬ್ಲೈನೈ ಫೆಸ್ಟಿನಿಯೋಗ್ ಗಣಿಗಳ ಸ್ಲೇಟು ಕಲ್ಲು ಹೇರಿಕೊಂಡು ಪೋರ್ತ್‌ಮಾಡೊಗ್ ಬಂದರಿನಿಂದ ಹಾಯಿಹಡಗುಗಳು ಹ್ಯಾಂಬರ್ಗಿನವರೆಗೆ ಹೋಗುತ್ತಿದ್ದವು. 1913ರಲ್ಲಿ ಕಟ್ಟಿದ ‘ಗೆಸ್ಟಿಯಾನಾ’ವೇ ಅಲ್ಲಿ ತಯಾರಾದ ಕೊನೆಯ ಹಾಯಿಹಡಗು.

ಪದ ಮಾತ್ರ ದಡಕ್ಕಿಳಿದು ಮನೆ ಹೊಕ್ಕಿತ್ತು. ‘ಹುಯ್ಲ್ಯೊ’ ಎಂದರೆ ಹಾಯಿ ಬಿಚ್ಚಿ ಹೊರಡುವುದು; ಉತ್ತರ ವೇಲ್ಸ್‌ನ ಮನೆಗಳಲ್ಲಿ ಊಟದ ಮೇಜು ಅಣಿಮಾಡುವುದಕ್ಕೂ ಅದೇ ಕ್ರಿಯಾಪದ. ಅನುಕೂಲವಾದದ್ದು ‘ಹುಯ್ಲಿಸ್’. ಬೀಳ್ಕೊಡುವಾಗ ‘ಹುಯ್ಲ್ ವೌರ್’, ಅಕ್ಷರಶಃ ದೊಡ್ಡ ಹುಯ್ಲ್. ಅವಸರದಲ್ಲಿ ಬರೀ ‘ಹುಯ್ಲ್!’

2021ರ ಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಶ್ ಮಾತಾಡಬಲ್ಲವರು ನೂರಕ್ಕೆ 17.8 ಮಂದಿ. ಶಾಲೆಗಳು, ಕಾಯಿದೆಗಳು ಆ ಭಾಷೆಗೆ ಬೇಕೇಬೇಕು. ಆದರೆ ನನಗೆ ಹೆಚ್ಚು ಭರವಸೆ ಕೊಡುವುದು ತಟ್ಟೆ ಜೋಡಿಸುತ್ತಿರುವ ತಾಯಿ, ಬಾಗಿಲಲ್ಲಿ ನಿಂತು ‘ಹುಯ್ಲ್’ ಎಂದು ಕೂಗಿ ಓಡುವ ಮಗು. ಹಾಯಿಯನ್ನೇ ಕಾಣದ ಆ ಮಗುವಿನ ಬಾಯಲ್ಲಿ ಪದ ಬೆಚ್ಚಗಿದೆ. ಕೆಲಸವಿರುವ ಪದಕ್ಕೆ ಸಾವಿಲ್ಲ.